ನೆಲದ ವಾಟ, ಫಿಲ್ಮಿನ ಪಟ್ಟಿ

ಮೇಲುಕೋಟೆಯಲ್ಲಿ ಬೆಳಗಿನ ಜಾವ ತೆಗೆದ ರೋಲ್ ಅದು. ಎಚ್‌ಪಿ5 ಅನ್ನುವ ಕಪ್ಪು-ಬಿಳುಪು ಫಿಲ್ಮ್, 120 ಅಳತೆ, 12 ಫ್ರೇಮ್. ಕಲ್ಯಾಣಿಯ ಮೇಲೆ ಒಂದು ಚೂರೂ ಮೋಡವಿಲ್ಲದ ಆಕಾಶ. ಡೆವಲಪಿಂಗ್ ತಪ್ಪು ಎದ್ದು ಕಾಣುವುದು ಇಂಥ ಖಾಲಿ ಆಕಾಶದಲ್ಲೇ, ಅಲ್ವಾ?

ಬೆಂಗಳೂರಿನ ಮನೆಯ ಯುಟಿಲಿಟಿಯಲ್ಲಿ ರೋಟರಿ ಪ್ರೊಸೆಸರ್, ಅಂದರೆ ಫಿಲ್ಮಿನ ಟ್ಯಾಂಕನ್ನು ತಿರುಗಿಸುತ್ತಾ ಡೆವಲಪ್ ಮಾಡುವ ಯಂತ್ರ, ಇಟ್ಟುಕೊಂಡಿದ್ದೇನೆ. ರೋಲ್ ತೊಳೆದು ನೇತುಹಾಕಿ ನೋಡಿದಾಗ ಹೊಟ್ಟೆ ಚುರುಕ್ ಅಂತು. ನೆಗೆಟಿವ್‌ನ ಒಂದು ಅಂಚಿನ ಕಡೆ ಬೆರಳಗಲದ ಕಪ್ಪು ಪಟ್ಟಿ, 12 ಫ್ರೇಮಿನಲ್ಲೂ ಅದೇ ಕಡೆ. ಮೊದಲು ಕ್ಯಾಮೆರಾಗೆ ಬೆಳಕು ನುಗ್ಗಿದೆ ಅಂದುಕೊಂಡೆ. ಆದರೆ ಭೂತಗನ್ನಡಿಯಲ್ಲಿ ನೋಡಿದರೆ ಎರಡು ಫ್ರೇಮಿನ ನಡುವಿನ ಜಾಗ ತಿಳಿಯಾಗಿಯೇ ಇತ್ತು. ಬೆಳಕು ನುಗ್ಗಿದ್ದರೆ ಅಲ್ಲೂ ಮಸುಕಾಗಬೇಕಿತ್ತು.

ಆಮೇಲೆ ಹೊಳೆಯಿತು. ನೀರು ಹರಿದುಹೋಗಲಿ ಅಂತ ಯುಟಿಲಿಟಿ ನೆಲಕ್ಕೆ ವಾಟ ಕೊಟ್ಟಿರುತ್ತಾರೆ. ಟೇಬಲ್ ಮೇಲೆ ರಸಮಟ್ಟ ಇಟ್ಟೆ, ಗುಳ್ಳೆ ಒಂದು ಕಡೆಗೆ ಓಡಿತು. ಟ್ಯಾಂಕ್ ಮಲಗಿ ತಿರುಗುತ್ತದೆ, ಒಳಗೆ ಇರುವುದು 240 ಮಿಲಿ ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ) ಅಷ್ಟೇ, ಸ್ವಲ್ಪ ಓರೆಯಾದರೂ ಅದೆಲ್ಲ ಒಂದು ತುದಿಗೆ ಸೇರಿ ಫಿಲ್ಮಿನ ಆ ಅಂಚಿಗೇ ಜಾಸ್ತಿ ಸಿಗುತ್ತದೆ. ಟೇಬಲ್ ಕಾಲಿಗೆ ರಟ್ಟು ಮಡಚಿ ಕೊಟ್ಟೆ.

ಮುಂದಿನ ರೋಲಿನಲ್ಲಿ ಪಟ್ಟಿ ಹೋಯಿತು, ಆದರೆ ಆಕಾಶದಲ್ಲಿ ಸಣ್ಣ ಕಲೆಗಳು ಉಳಿದವು. ಇದಕ್ಕೆ ಕಾರಣ ನನ್ನ ಆತುರ. ನಾನು ಬಳಸುವ ಡೆವಲಪರ್ ಎಚ್‌ಸಿ-110 ಅನ್ನು 1+31 (ಒಂದು ಪಾಲಿಗೆ 31 ಪಾಲು ನೀರು) ಬೆರೆಸಿದರೆ 20 ಡಿಗ್ರಿಯಲ್ಲಿ 5 ನಿಮಿಷ ಬೇಕು, ನಾನು 24 ಡಿಗ್ರಿಯ ನೀರಿನಲ್ಲಿ ಮೂರೂವರೆ ನಿಮಿಷಕ್ಕೇ ಮುಗಿಸುತ್ತಿದ್ದೆ. ಸುರಿಯುವುದಕ್ಕೇ 15 ಸೆಕೆಂಡ್ ಹೋದರೆ ಅಷ್ಟು ಹೊತ್ತು ಫಿಲ್ಮಿನ ಒಂದು ಭಾಗ ಮುಂದೆ, ಒಂದು ಭಾಗ ಹಿಂದೆ. ಈಗ 1+63 ಬೆರೆಸಿ ಸಮಯ ದುಪ್ಪಟ್ಟು ಮಾಡಿದ್ದೇನೆ. ಆದರೆ ಒಂದು ರೋಲಿಗೆ 6 ಮಿಲಿ ಸಾಂದ್ರ ದ್ರಾವಣವಾದರೂ ಬೇಕು, ಹಾಗಾಗಿ ದೊಡ್ಡ ಟ್ಯಾಂಕಿನಲ್ಲಿ 400 ಮಿಲಿ ಹಾಕುತ್ತೇನೆ.

ಡೆವಲಪರ್ ಸುರಿಯುವ ಮೊದಲೇ ಫಿಲ್ಮನ್ನು ನೀರಿನಲ್ಲಿ ನೆನೆಸಬೇಕೋ ಬೇಡವೋ ಅನ್ನುವುದರಲ್ಲಿ ಒಮ್ಮತವಿಲ್ಲ. ರೋಟರಿಯಲ್ಲಿ ನೆನೆಸಬೇಡಿ ಅನ್ನುತ್ತದೆ ಫಿಲ್ಮ್ ತಯಾರಿಸುವ ಇಲ್‌ಫೋರ್ಡ್, ಪೂರ್ತಿ 5 ನಿಮಿಷ ನೆನೆಸಿ ಅನ್ನುತ್ತದೆ ರೋಟರಿ ಪ್ರೊಸೆಸರ್ ತಯಾರಿಸುವ ಜೋಬೋ. ನಾನು 5 ನಿಮಿಷ ನೆನೆಸುತ್ತೇನೆ. ಅರ್ಧಂಬರ್ಧ ನೆನೆಸುವುದಕ್ಕಿಂತ ಸುಮ್ನೆ ಬಿಡುವುದೇ ಒಳ್ಳೆಯದು.

ಕಳೆದ ತಿಂಗಳು ಮತ್ತೆ ಮೇಲುಕೋಟೆಗೆ ಹೋಗಿ ಅದೇ ಮೆಟ್ಟಿಲ ಮೇಲೆ ನಿಂತು ಅದೇ ಆಕಾಶ ತೆಗೆದೆ. ನೆಗೆಟಿವ್ ಇನ್ನೂ ಒದ್ದೆ ಇರುವಾಗಲೇ ಕಿಟಕಿಗೆ ಹಿಡಿದೆ. ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಬೂದು ಬಣ್ಣ.