ಅಕ್ಕನ ಅಂಗಡಿಯ ಕಂಪ್ಯೂಟರ್

ಗಂಗಾವತಿಯಲ್ಲಿ ನಮ್ಮ ಅಕ್ಕ ಝೆರಾಕ್ಸ್, ಆನ್‌ಲೈನ್ ಅರ್ಜಿಯ ಅಂಗಡಿ ನಡೆಸುತ್ತಾಳೆ. ಪಹಣಿ, ಸ್ಕಾಲರ್‌ಶಿಪ್ ಅರ್ಜಿ, ಪಾಸ್‌ಪೋರ್ಟ್ ಸೈಜ್ ಫೋಟೊ, ರೈಸ್ ಮಿಲ್ಲಿನವರ ಬಿಲ್ಲು, ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ. ಮಾನಿಟರ್ ಅರ್ಧ ಗಿರಾಕಿಯ ಕಡೆ ತಿರುಗಿರುತ್ತದೆ. ಅರ್ಜಿಯಲ್ಲಿ ಹೆಸರು ತಪ್ಪಿದ್ದರೆ ಅವರೇ ನೋಡಿ ಹೇಳಬೇಕಲ್ವಾ.

ನಾನು ಹೋದ ದಿನ ಹಿರಿಯರೊಬ್ಬರು ಪೆನ್‌ಡ್ರೈವ್ ತಂದಿದ್ದರು. ಅಕ್ಕ ಫೈಲ್ ಎಕ್ಸ್‌ಪ್ಲೋರರ್, ಅಂದರೆ ಫೈಲು, ಫೋಲ್ಡರುಗಳನ್ನು ತೋರಿಸುವ ಕಿಟಕಿ, ತೆರೆದಳು. ಇತ್ತೀಚೆಗೆ ತೆರೆದಿದ್ದ ಫೈಲುಗಳ ಹೆಸರೆಲ್ಲ ಸಾಲಾಗಿ ಬಂದವು. ಅವರು ಕನ್ನಡಕ ಏರಿಸಿಕೊಂಡು, "ಯವ್ವಾ, ಇದು ನಮ್ಮ ಓಣ್ಯಾಗಿನೋರ ರೇಷನ್ ಕಾರ್ಡ್ ಅಲ್ಲೇನು?" ಅಂದರು. ಅಕ್ಕ ಸುಮ್ನೆ ನಕ್ಕಳು. ನನಗೆ ನಗು ಬರಲಿಲ್ಲ. ಇವತ್ತು ರೇಷನ್ ಕಾರ್ಡ್, ನಾಳೆ ಯಾರದೋ ಬ್ಯಾಂಕ್ ಪಾಸ್‌ಬುಕ್.

ಮಧ್ಯಾಹ್ನ ಜನ ಕಡಿಮೆಯಾದ ಮೇಲೆ ಕೂತೆ. ಅದು ವಿಂಡೋಸ್ 10. ವ್ಯೂ ಮೆನುವಿನ ಆಪ್ಷನ್ಸ್ ತೆರೆದರೆ ಜನರಲ್ ಟ್ಯಾಬಿನಲ್ಲೇ ಪ್ರೈವೆಸಿ ಅಂತ ಇದೆ. ಇತ್ತೀಚಿನ ಫೈಲು, ಹೆಚ್ಚು ಬಳಸಿದ ಫೋಲ್ಡರು ತೋರಿಸು ಅನ್ನುವ ಎರಡೂ ಟಿಕ್ ತೆಗೆದು, ಹಳೆಯ ಪಟ್ಟಿ ಅಳಿಸಲು ಕ್ಲಿಯರ್ ಒತ್ತಿದೆ. "ಏ, ಫೈಲ್ ಹೋಗಿಬಿಟ್ಟಾವು!" ಅಂತ ಅಕ್ಕ ಕೂಗಿದಳು. ಹೋಗುವುದು ಪಟ್ಟಿ ಮಾತ್ರ, ಫೈಲು ಇದ್ದಲ್ಲೇ ಇರುತ್ತವೆ. ಎಕ್ಸ್‌ಪ್ಲೋರರ್ ನೇರವಾಗಿ ಡ್ರೈವುಗಳನ್ನು ತೋರಿಸುವ ದಿಸ್ ಪಿಸಿಗೆ ತೆರೆಯುವ ಹಾಗೆಯೂ ಮಾಡಿದೆ.

ಆಮೇಲೆ ಎಡಗಡೆಯ ಪಟ್ಟಿ. 2015ರಲ್ಲಿ ವಿಂಡೋಸ್ 10 ಬಂದಾಗ ಹಳೆಯ ಫೇವರಿಟ್ಸ್ ಜಾಗಕ್ಕೆ ಕ್ವಿಕ್ ಆಕ್ಸೆಸ್, ಅಂದರೆ ಬೇಗ ಸಿಗಬೇಕಾದ ಫೋಲ್ಡರುಗಳ ಪಟ್ಟಿ, ಬಂತು. ಅಕ್ಕನ ಕೆಲಸವೆಲ್ಲ ಡಿ ಡ್ರೈವಿನಲ್ಲಿ, ಕ್ವಿಕ್ ಆಕ್ಸೆಸ್‌ನಲ್ಲಿ ಇದ್ದದ್ದು ಮಾತ್ರ ಅವಳು ಮುಟ್ಟದ ಫೋಲ್ಡರುಗಳು. ಅವನ್ನು ಅನ್‌ಪಿನ್ ಮಾಡಿ ಸ್ಕ್ಯಾನ್, ಫೋಟೊ, ಅರ್ಜಿ ಫೋಲ್ಡರುಗಳನ್ನು ಪಿನ್ ಮಾಡಿದೆ. ಎಳೆದರೆ ಮೇಲೆ ಕೆಳಗೆ ಸರಿಯುತ್ತವೆ. ಸ್ಕ್ಯಾನ್ ಮೊದಲಿರಲಿ ಅಂದಳು, ಹಾಗೇ ಇಟ್ಟೆ.

ಪೆನ್‌ಡ್ರೈವ್ ಮಾತ್ರ ಎರಡು ಸಲ ಕಾಣುತ್ತದೆ. ದಿಸ್ ಪಿಸಿ ಒಳಗೊಮ್ಮೆ, ಅದರ ಕೆಳಗೆ ಬೇರೆಯಾಗಿ ಇನ್ನೊಮ್ಮೆ. ಯಾಕೆ ಹೀಗೆ ಮಾಡಿದರೋ! ತೆಗೆಯಬೇಕೆಂದರೆ ವಿಂಡೋಸಿನ ಒಳಗಿನ ಸೆಟ್ಟಿಂಗುಗಳಿರುವ ರಿಜಿಸ್ಟ್ರಿಗೆ ಕೈ ಹಾಕಬೇಕು. ದುಡಿಯುವ ಅಂಗಡಿಯ ಕಂಪ್ಯೂಟರಿನಲ್ಲಿ ಅದು ಬೇಡ ಅಂತ ಬಿಟ್ಟೆ.

ಒಂದರಲ್ಲಿ ಮಾತ್ರ ನಮ್ಮಿಬ್ಬರಿಗೆ ಹೊಂದಲಿಲ್ಲ. ಪಟ್ಟಿಯ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿದರೆ 'ಎಕ್ಸ್‌ಪ್ಯಾಂಡ್ ಟು ಕರೆಂಟ್ ಫೋಲ್ಡರ್' ಸಿಗುತ್ತದೆ. ನಾವು ಯಾವ ಫೋಲ್ಡರಿನಲ್ಲಿದ್ದೇವೋ ಎಡಗಡೆಯೂ ಅಲ್ಲಿಯವರೆಗೆ ಬಿಚ್ಚಿಕೊಳ್ಳುತ್ತದೆ. ನನಗೆ ಅದಿಲ್ಲದೆ ಆಗುವುದಿಲ್ಲ. ಅಕ್ಕ ಒಂದು ಫೋಟೊ ಪ್ರಿಂಟ್ ತೆಗೆಯುವಷ್ಟರಲ್ಲಿ, "ಇದು ತಾನೇ ಕುಣೀತೈತಿ, ಬಂದ್ ಮಾಡೋ ತಮ್ಮಾ" ಅಂದಳು. ಬಂದ್ ಮಾಡಿದೆ.