ಹತ್ತೋವಾಗ ಯಾವ ಗೇರಲ್ಲಿದ್ರಿ?

ಶನಿವಾರ ಸಂಜೆಯಿಂದ ಈ ಒಂದು ಪ್ರಶ್ನೆ ತಲೆಯಿಂದ ಇಳಿಯುತ್ತಿಲ್ಲ. ಕೇಳಿದವರು ಒಬ್ಬ ಲಾರಿ ಡ್ರೈವರ್. ಕೇಳಿದ್ದು ಘಾಟಿಯ ನಡುವೆ. ಆಗ ನನ್ನ ಕಾರಿನ ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ ಬರುತ್ತಿತ್ತು.

ಎರಡು ದಿನದ ಸಣ್ಣ ಸುತ್ತಾಟ. ನಾನು, ಅಕ್ಕ, ಭಾವ, ಅವರ ಮಗ. ಹತ್ತುವಾಗ ನಾನು ಬಹಳ ಜೋಪಾನ. ಎರಡನೇ ಗೇರು, ತಿರುವು ಬಂದಾಗೆಲ್ಲ ಹಾರ್ನ್. ಕಿರಿದಾದ ಒಂದು ಕಡೆ ಮೇಲಿನಿಂದ ಬಂದ ಜೀಪು ನಿಂತು ನಮಗೆ ದಾರಿ ಬಿಟ್ಟಿತು. "ರೂಲೇ ಹಾಗೆ ಮಾವ, ಹತ್ತೋರಿಗೆ ಮೊದಲು ದಾರಿ" ಎಂದ ಅಳಿಯ. ಹೋದ ತಿಂಗಳಷ್ಟೇ ಲೈಸೆನ್ಸ್ ಬಂದಿದೆ, ಓದಿದ್ದೆಲ್ಲ ಬಾಯಲ್ಲೇ ಇದೆ. ಭಾವ ಸುಮ್ನಿರುತ್ತಾರಾ? ಇಟಲಿಯ ಸ್ಟೆಲ್ವಿಯೊ ಘಾಟಿಯಲ್ಲಿ ಒಂದೇ ಮಗ್ಗುಲಿಗೆ 48 ಹೇರ್‌ಪಿನ್ ತಿರುವು, ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 70, ಇದ್ಯಾವ ಲೆಕ್ಕ ಎಂದು ಶುರು ಮಾಡಿದರು. ಎರಡೂ ಕಡೆ ಅವರು ಹೋಗಿಲ್ಲ.

ಕಣಿವೆಯ ಊರು ಒಂದು ತಿರುವಿನಲ್ಲಿ ಬಲಕ್ಕೆ ಕಾಣುತ್ತಿತ್ತು, ಮುಂದಿನದರಲ್ಲಿ ಎಡಕ್ಕೆ. ಮೊದಲು ಒಣಹಾಕಿದ ಬಟ್ಟೆಯೂ ಕಾಣುತ್ತಿತ್ತು. ಆಮೇಲೆ ಬರೀ ಛಾವಣಿಗಳು. ಕೊನೆಗೆ ಮೋಡವೇ ನಮ್ಮ ಕೆಳಗಾಯಿತು. ಅಕ್ಕ ಇದ್ಯಾವುದನ್ನೂ ನೋಡಲಿಲ್ಲ. ಫೋನ್ ನೋಡುತ್ತಾ ಕೂತು ಹೊಟ್ಟೆ ತೊಳಸಿಕೊಂಡಳು. ಕಣ್ಣು 'ಕೂತಿದ್ದೇವೆ' ಅನ್ನುತ್ತದೆ, ಒಳಗಿವಿ 'ತಿರುಗ್ತಿದ್ದೇವೆ' ಅನ್ನುತ್ತದೆ, ಜಗಳ ಹೊಟ್ಟೆಗೆ ಬರುತ್ತದೆ. ದೂರದ ಬೆಟ್ಟ ನೋಡು ಅಂದರೆ ಕೇಳಬೇಕಲ್ಲ. ಮೇಲಿನ ಊರಲ್ಲಿ ಒಬ್ಬರ ಅಂಗಳ ಇನ್ನೊಬ್ಬರ ಛಾವಣಿಯ ಮಟ್ಟಕ್ಕಿತ್ತು. ಸಾವಿರ ಮೀಟರ್ ಹತ್ತಿದರೆ ಸುಮಾರು 6 ಡಿಗ್ರಿ ತಣ್ಣಗಾಗುತ್ತದೆ. ನಮ್ಮ ಸ್ವೆಟರ್‌ಗಳು ಡಿಕ್ಕಿಯಲ್ಲಿ, ಎಲ್ಲ ಬ್ಯಾಗಿನ ಅಡಿಯಲ್ಲಿದ್ದವು.

ಇಳಿಯುವಾಗ ಭಯ ಹೋಗಿತ್ತು. ಮೂರನೇ ಗೇರು, ಒಮ್ಮೊಮ್ಮೆ ನಾಲ್ಕು. ನೇರ ರಸ್ತೆ ಸಿಕ್ಕಲ್ಲಿ "ನ್ಯೂಟ್ರಲ್‌ಗೆ ಹಾಕು, ಪೆಟ್ರೋಲ್ ಉಳಿಯುತ್ತೆ" ಎಂದು ಭಾವ. ಹಾಕಿದೆ ಕೂಡ. ಈಗಿನ ಕಾರುಗಳಲ್ಲಿ ಗೇರಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ಪೂರೈಕೆಯೇ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲೇ ಎಂಜಿನ್ ಓಡಲು ಪೆಟ್ರೋಲ್ ಬೇಕು ಅನ್ನುವುದು ಮನೆಗೆ ಬಂದು ಓದಿದ ಮೇಲೆ ಗೊತ್ತಾಯಿತು. ಹಿಂದಿನಿಂದ ಅಳಿಯ ಮೆಲ್ಲಗೆ, "ಮಾವ, ಎರಡನೇ ಗೇರಲ್ಲೇ ಇಳಿದ್ರೆ ಒಳ್ಳೇದಲ್ವಾ?" ಎಂದ.

"ಎಂಜಿನ್ ಅರಚುತ್ತೆ. ಸುಮ್ನೆ ಕೂತ್ಕೋ" ಎಂದೆ.

ನಾಲ್ಕೈದು ತಿರುವು ಆಗಿರಬೇಕು. ಬ್ರೇಕ್ ಪೆಡಲ್ ಮೆತ್ತಗಾಯಿತು. ಸ್ಪಂಜು ತುಳಿದ ಹಾಗೆ. ಹೇಗೋ ಗೇರ್ ಇಳಿಸಿ, ರಸ್ತೆ ಅಗಲವಿದ್ದ ಕಡೆ ನಿಲ್ಲಿಸಿದೆ. ಅಲ್ಲೇ ಒಂದು ಲಾರಿ ನಿಂತಿತ್ತು. ಭಾವ ನೀರಿನ ಬಾಟಲಿ ಹಿಡಿದು ಚಕ್ರದತ್ತ ಓಡಿದರು. ಲಾರಿಯವರು ದೂರದಿಂದಲೇ ಕೂಗಿದರು, "ನೀರು ಹಾಕ್ಬೇಡಿ ಸಾರ್! ಡಿಸ್ಕ್ ಬಿರುಕು ಬಿಡುತ್ತೆ!" ಹತ್ತಿರ ಬಂದು ಬಗ್ಗಿ ನೋಡಿದರು. ನನ್ನ ಕಡೆ ತಿರುಗಿ,

"ಹತ್ತೋವಾಗ ಯಾವ ಗೇರಲ್ಲಿದ್ರಿ?"

"ಎರಡು."

"ಮತ್ತೆ ಇಳಿಯೋವಾಗ ಯಾಕೆ ಬದಲಾಯ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರೂ ಉತ್ತರಕ್ಕೆ ಕಾಯಲಿಲ್ಲ. "ಪೂರ್ತಿ ಆರಲಿ, ಪೆಡಲ್ ಗಟ್ಟಿಯಾದ್ಮೇಲೆ ಹೊರಡಿ" ಅಂದು ಲಾರಿ ಹತ್ತಿ, ದೊಡ್ಡ ಸದ್ದು ಮಾಡುತ್ತಾ, ಆಮೆಯ ಹಾಗೆ ಇಳಿದು ಹೋದರು.

ವಿಷಯ ಇಷ್ಟೇ. ಸಣ್ಣ ಗೇರಲ್ಲಿ ಇಳಿದರೆ ಗಾಡಿಯನ್ನು ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಇಲ್ಲದಿದ್ದರೆ ಎಲ್ಲ ಭಾರ ಬ್ರೇಕಿನ ಮೇಲೆ. ಪ್ಯಾಡ್ ಕಾಯುತ್ತದೆ. ತೀರಾ ಕಾದರೆ ಬ್ರೇಕ್ ಆಯಿಲ್ ಕುದಿದು ಗುಳ್ಳೆಯಾಗುತ್ತದೆ. ಆಮೇಲೆ ಎಷ್ಟು ತುಳಿದರೂ ಗುಳ್ಳೆಯನ್ನು ತುಳಿದ ಹಾಗೆ.

ಆದರೆ ನನಗೆ ಚುಚ್ಚಿದ್ದು ಬ್ರೇಕಿನ ವಿಷಯವಲ್ಲ. ಆ ಪ್ರಶ್ನೆ ಕೇಳಿದಾಗ ಅಳಿಯ ನನ್ನ ಪಕ್ಕದಲ್ಲೇ ನಿಂತಿದ್ದ. 'ನಾನು ಹೇಳಿರಲಿಲ್ವಾ' ಅನ್ನಬಹುದಿತ್ತು. ಅನ್ನಲಿಲ್ಲ. ಕಣಿವೆ ನೋಡುತ್ತಾ ನಿಂತ. ಅಂದಿದ್ದರೆ ಬೈದು ಹಗುರಾಗುತ್ತಿದ್ದೆ. ಒಂದೇ ಮಾತು ಅವನ ಬಾಯಲ್ಲಿ ಬಂದಾಗ ನನಗೆ ಅಧಿಕಪ್ರಸಂಗ, ಲಾರಿಯವರ ಬಾಯಲ್ಲಿ ಬಂದಾಗ ಅನುಭವ. ಇಪ್ಪತ್ತು ವರ್ಷದಿಂದ ಓಡಿಸ್ತಿದ್ದೀನಿ ಅಂತ ಹೇಳಿಕೊಳ್ಳುತ್ತೇನೆ. ಅದರಲ್ಲಿ ಬೆಟ್ಟ ಎಷ್ಟು? ಬೆರಳೆಣಿಕೆ.

ಅಪ್ಪ ನೆನಪಾದರು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಬೆಳಗ್ಗೆ ಅವರ ಸ್ಕೂಟರ್ ಸ್ಟಾರ್ಟ್ ಆಗಲಿಲ್ಲ. ಪೆಟ್ರೋಲ್ ನಾಬ್ ಆಫ್ ಇದೆ ಅಂದೆ. ಕೇಳಿಸದವರಂತೆ ಕಿಕ್ ಹೊಡೆಯುತ್ತಲೇ ಇದ್ದರು, ಶರ್ಟು ಒದ್ದೆಯಾಗುವವರೆಗೆ. ಪಕ್ಕದ ಮನೆಯವರು ಬಂದು ಅದನ್ನೇ ಹೇಳಿದಾಗ, "ಓ ಹೌದಲ್ಲ" ಎಂದು ನಕ್ಕು ತಿರುಗಿಸಿದರು. ಆ ದಿನ ನನಗೆ ಬಂದ ಸಿಟ್ಟು ಈಗಲೂ ನೆನಪಿದೆ. ಅಳಿಯನ ಮುಖದಲ್ಲಿ ಸಿಟ್ಟು ಕೂಡ ಇರಲಿಲ್ಲ. ಇದು ಅಭ್ಯಾಸವಾಗಿದೆ ಅನ್ನುವ ಹಾಗಿತ್ತು. ಎಷ್ಟು ಸಲ ಸುಮ್ನಿರು ಅಂದಿದ್ದೇನೋ ನಾನು.

ಮುಕ್ಕಾಲು ಗಂಟೆ ಕಾದೆವು. ಪೆಡಲ್ ಗಟ್ಟಿಯಾಯಿತು. ಎರಡನೇ ಗೇರಿಗೆ ಹಾಕಿ ಹೊರಟೆ. ಮೊದಲ ತಿರುವು ದಾಟುತ್ತಿದ್ದಂತೆ ಭಾವ ಮುಖ ಕಿವುಚಿದರು.

"ಏನೋ ಇದು, ಎಂಜಿನ್ ಅರಚ್ತಾ ಇದೆಯಲ್ಲೋ!"

ಹಿಂದಿನ ಸೀಟಿನಲ್ಲಿ ಅಳಿಯ ಫಕ್ಕನೆ ನಕ್ಕ. "ಯಾಕೋ ನಗ್ತೀಯ?" ಎಂದಳು ಅಕ್ಕ, ಕಣ್ಣು ಮುಚ್ಚಿಕೊಂಡೇ.

"ಏನಿಲ್ಲಮ್ಮ."