ಮನೆ ಮೊಲಕ್ಕೆ ಮೊದಲು ಹುಲ್ಲು

ಮೊಲಕ್ಕೆ ಕ್ಯಾರೆಟ್ ಅನ್ನುವುದು ಮಕ್ಕಳ ಚಿತ್ರಪುಸ್ತಕದ ಮಾತು. ಮೊಲದ ಹೊಟ್ಟೆ ನಡೆಯುವುದು ನಾರಿನಿಂದ. ದಿನದ ಮೇವಿನಲ್ಲಿ ನೂರಕ್ಕೆ 80 ಪಾಲು ಹುಲ್ಲೇ ಇರಬೇಕು, ಅದೂ ಹಗಲುರಾತ್ರಿ ಎದುರಿಗೇ ಇರಬೇಕು. ಬಾಚಿಹಲ್ಲು ವಾರಕ್ಕೆ 2ರಿಂದ 3 ಮಿ.ಮೀ. ಬೆಳೆಯುತ್ತದೆ, ದವಡೆ ಹಲ್ಲೂ ನಿಲ್ಲದೆ ಬೆಳೆಯುತ್ತದೆ. ಹುಲ್ಲನ್ನು ಅಡ್ಡಡ್ಡ ಅರೆದರೇನೇ ಅವು ಸವೆಯುವುದು. ಪೆಲೆಟ್, ಅಂದರೆ ಅಂಗಡಿಯ ಗುಳಿಗೆ ಮೇವು, ಎರಡು ಕಡಿತಕ್ಕೆ ಪುಡಿ. ಅದನ್ನೇ ತಿಂದುಕೊಂಡಿದ್ದರೆ ದವಡೆ ಹಲ್ಲು ಚೂಪಾಗಿ ನಾಲಿಗೆ, ಕೆನ್ನೆ ಚುಚ್ಚುತ್ತದೆ. ಮೊಲ ಮೇವಿನ ಹತ್ತಿರ ಬಂದು ಮೂಸಿ ವಾಪಸ್ ಹೋಗುತ್ತಿದೆ, ಗದ್ದ ಜೊಲ್ಲಿನಿಂದ ಒದ್ದೆ ಎಂದರೆ ಮೊದಲು ಪಶುವೈದ್ಯರಿಗೆ ಹಲ್ಲು ತೋರಿಸಿ.

ಅಂಗಡಿಯ ಟಿಮೊತಿ ಹುಲ್ಲು ಒಳ್ಳೆಯದೇ, ಬೆಲೆ ಮಾತ್ರ ಕೈ ಸುಡುತ್ತದೆ. ಗರಿಕೆ, ಗಿನಿ ಹುಲ್ಲು, ರೋಡ್ಸ್ ಹುಲ್ಲು ಧಾರಾಳ ಸಾಕು. ಗಣೇಶನ ಹಬ್ಬಕ್ಕೆ ಕಟ್ಟುಗಟ್ಟಲೆ ಬರುವ ಗರಿಕೆಯೇ ಇದು. ತೊಳೆದು, ನೀರು ಬಸಿದು, ನೆರಳಲ್ಲಿ ತೆಳ್ಳಗೆ ಹರಡಿ ದಿನಕ್ಕೆರಡು ಸಲ ತಿರುವಿ ಹಾಕಿ. ಕಡ್ಡಿ ಬಾಗಿಸಿದರೆ ಪಟ್ಟನೆ ಮುರಿಯಬೇಕು, ಬಣ್ಣ ಹಸಿರಾಗಿಯೇ ಉಳಿದಿರಬೇಕು. ಅರೆಬರೆ ಒಣಗಿದ್ದನ್ನು ಪ್ಲಾಸ್ಟಿಕ್ ಕವರಿಗೆ ತುಂಬಿದರೆ ಒಳಗೇ ಬೂಷ್ಟು. ಬಟ್ಟೆ ಚೀಲವೇ ಸರಿ. ಕಳೆನಾಶಕ ಹೊಡೆದ ಜಾಗದ್ದು, ನಾಯಿ ಓಡಾಡುವ ರಸ್ತೆಬದಿಯದ್ದು ಬೇಡ. ಭತ್ತದ ಹುಲ್ಲಿನಲ್ಲಿ ಸತ್ವ ಕಡಿಮೆ, ಅದು ಹಾಸಿಗೆಗೆ ಇರಲಿ. ಕುದುರೆ ಮೆಂತ್ಯ (ಲೂಸರ್ನ್ ಮೇವು) ಆರು ತಿಂಗಳೊಳಗಿನ ಮರಿಗೆ ಚೆನ್ನ. ದೊಡ್ಡದಕ್ಕೆ ದಿನಾ ಕೊಟ್ಟರೆ ಹೆಚ್ಚಾದ ಕ್ಯಾಲ್ಸಿಯಂ ಮೂತ್ರಕ್ಕೆ ಇಳಿದು, ಮೂತ್ರ ಸುಣ್ಣ ಕದಡಿದ ನೀರಿನಂತೆ ಮಂದವಾಗುತ್ತದೆ.

ಪೆಲೆಟ್ ಮೊಲದ ಒಂದು ಕಿಲೋ ತೂಕಕ್ಕೆ ದಿನಕ್ಕೆ 20–25 ಗ್ರಾಂ, ಅಷ್ಟೇ. ಚೀಟಿಯಲ್ಲಿ ನಾರಿನಂಶ ನೂರಕ್ಕೆ 18ಕ್ಕಿಂತ ಕಡಿಮೆ ಇದ್ದರೆ ಅಲ್ಲೇ ಇಟ್ಟುಬಿಡಿ. ಜೋಳ, ಸೂರ್ಯಕಾಂತಿ ಬೀಜ ಬೆರೆಸಿದ ಬಣ್ಣಬಣ್ಣದ ಮಿಶ್ರಣವೂ ಬೇಡ. ಮೊಲ ರುಚಿಯದ್ದನ್ನಷ್ಟೇ ಹೆಕ್ಕಿ ತಿನ್ನುತ್ತದೆ.

ಸೊಪ್ಪು ಕಿಲೋ ತೂಕಕ್ಕೆ ಒಂದು ಕಪ್: ಕೊತ್ತಂಬರಿ, ಪುದೀನ, ಮೂಲಂಗಿ ಸೊಪ್ಪು, ಕ್ಯಾರೆಟ್ ಸೊಪ್ಪು. ಪಾಲಕ್ ವಾರಕ್ಕೊಮ್ಮೆ. ಹೊಸದನ್ನು ಒಂದೊಂದಾಗಿ, ಎರಡೆಲೆಯಿಂದ ಶುರು ಮಾಡಿ. ಈರುಳ್ಳಿ, ಬೆಳ್ಳುಳ್ಳಿ, ಬೆಣ್ಣೆಹಣ್ಣು, ಆಲೂಗಡ್ಡೆ ಗಿಡದ ಎಲೆ ವಿಷ. ಕ್ಯಾರೆಟ್ಟೋ ಬಾಳೆಹಣ್ಣೋ ಒಂದು ಚಮಚ, ಅದೂ ಅಪರೂಪಕ್ಕೆ. ಅನ್ನ, ಚಪಾತಿ, ಬಿಸ್ಕತ್ತು ಬೇಡವೇ ಬೇಡ, ಅಜ್ಜಿ ಎಷ್ಟೇ ಮುದ್ದಿನಿಂದ ಕೊಟ್ಟರೂ.

ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಒಂದು ಗಟ್ಟಿ ಗುಂಡು. ಇನ್ನೊಂದು ಮೆತ್ತಗೆ, ಹೊಳಪಾಗಿ, ಪುಟ್ಟ ದ್ರಾಕ್ಷಿಗೊಂಚಲಿನಂತೆ. ಅದನ್ನು ಮೊಲವೇ ಬಾಯಿಟ್ಟು ತಿನ್ನುತ್ತದೆ, ತಡೆಯಬೇಡಿ. ಪಿಷ್ಟ, ಸಕ್ಕರೆ ಜಾಸ್ತಿಯಾದರೆ ಇದು ತಿನ್ನದೆ ಉಳಿದು ಹಿಂಭಾಗಕ್ಕೆ ಮೆತ್ತಿಕೊಳ್ಳುತ್ತದೆ. ಮಳೆಗಾಲದಲ್ಲಿ ಅಲ್ಲಿ ನೊಣ ಮೊಟ್ಟೆಯಿಟ್ಟು ಹುಳವಾಗುತ್ತದೆ. ಪೆಲೆಟ್ ತಗ್ಗಿಸಿ, ಹುಲ್ಲು ಹೆಚ್ಚಿಸಿ.

ನೀರು ಅಗಲ ಬಟ್ಟಲಲ್ಲಿ ಸದಾ ಇರಲಿ. ಹತ್ತು ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆಯೂ ಹಾಕದೆ ಮುದುಡಿ ಕೂತಿದ್ದರೆ ಕರುಳು ನಿಂತಿದೆ ಎಂದೇ ತಿಳಿದು, ಮೊಲ ನೋಡಿ ಅಭ್ಯಾಸವಿರುವ ಪಶುವೈದ್ಯರ ಹತ್ತಿರ ಅವತ್ತೇ ಕರೆದೊಯ್ಯಿರಿ.